ಹಿತ್ತಲ ಶೆಡ್ಡಿನ ಅಂಬಾಸಿಡರ್

ಆಗೆಲ್ಲ ಗುಂಡ್ಲುಪೇಟೆಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬರುತ್ತಾರೆಂಬುದು ಬೆಳಗ್ಗೆಯೇ ಬೀದಿಗೆಲ್ಲ ಗೊತ್ತಾಗುತ್ತಿತ್ತು. ತುಪ್ಪದಲ್ಲಿ ರವೆ ಹುರಿಯುವ ಘಮ ನಾಲ್ಕು ಮನೆ ದಾಟುತ್ತಿತ್ತು. ಬೇರೆ ಮಕ್ಕಳಿಗೆ ಅದು ಕೇಸರಿಬಾತಿನ ಆಸೆ ಹುಟ್ಟಿಸಿದರೆ, ನನಗೆ ಅದು ಚಿಲಕ ಬೀಳುವ ಹೊತ್ತಾಯಿತೆಂಬ ಸೂಚನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹನ್ನೆರಡು. ತುಟಿಯ ಪಕ್ಕ ಕಾಣಿಸಿಕೊಂಡಿದ್ದ ಬಿಳಿ ಮಚ್ಚೆ ಆ ಬೇಸಿಗೆಯ ಹೊತ್ತಿಗೆ ಕೆನ್ನೆಗೂ ಕೈಗಳಿಗೂ ಹರಡಿತ್ತು. ತೊನ್ನು. ತಂಗಿಗೆ ತೊನ್ನಿದೆಯೆಂದು ಗೊತ್ತಾದರೆ ಸುಮಕ್ಕನನ್ನು ಯಾರು ಮದುವೆಯಾಗುತ್ತಾರೆ ಎಂಬುದು ಅವ್ವನ ಭಯ.

"ಅಕ್ಕನ್ ಮದ್ವೆ ಗೊತ್ತಾಗೋಗಂಟ ಒಳ್ಗಿರು ಕಣಮ್ಮಿ, ನಿನ್ ದಮ್ಮಯ್ಯ," ಎಂದು ಬೇಡಿಕೊಂಡೇ ಅವಳು ನನ್ನನ್ನು ಹಿತ್ತಲ ಶೆಡ್ಡಿಗೆ ಕಳಿಸಿ, ಹೊರಗಿನಿಂದ ಚಿಲಕ ಹಾಕುತ್ತಿದ್ದಳು.

ಶೆಡ್ಡಿನಲ್ಲಿ ನಾನೊಬ್ಬಳೇ ಇರುತ್ತಿರಲಿಲ್ಲ. ಅಪ್ಪನ ತಂಗಿ ರಾಜಮ್ಮತ್ತೆ ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದಳು. ಮದುವೆ ಮಾತಿಗೆ ಬಂದವರ ಕಣ್ಣಿಗೆ ವಿಧವೆ ಬೀಳಬಾರದೆಂದು ಅವಳಿಗೂ ಅಲ್ಲೇ ಜಾಗ. ನಮ್ಮಿಬ್ಬರ ಮಧ್ಯೆ, ತೀರಿಕೊಂಡ ಮಾವ ಊಟಿಗೆ, ಚಾಮರಾಜನಗರಕ್ಕೆ ಬಾಡಿಗೆ ಹೊಡೆಯುತ್ತಿದ್ದ ಹಳೆಯ ಅಂಬಾಸಿಡರ್. ಟೈರು ಕೂತು, ಸೀಟಿನಲ್ಲಿ ಇಲಿ ಮರಿ ಹಾಕಿ, ಮೈಯೆಲ್ಲ ತುಕ್ಕು ತಿಂದಿತ್ತು. ಕಾದ ತಗಡಿನ ಕೆಳಗೆ ಬೆವರುತ್ತ, ಹೊರಗೆ ಗೆಳತಿಯರು ಕುಂಟೆಬಿಲ್ಲೆ ಆಡುವ ಗಲಾಟೆ ಕೇಳುತ್ತ ಕೂತಿರುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ತಟ್ಟನೆ ಎದ್ದು ಬಾನೆಟ್ ಎತ್ತಿದಳು.

"ಸುಮ್ಕೆ ಕುಂತ್ರೆ ತಲೆ ಕೆಟ್ಟೋಯ್ತದೆ. ಬಾ, ಇದ್ನ ಸರಿ ಮಾಡನ."

ಮಾವ ರಿಪೇರಿ ಮಾಡುವಾಗ ಸ್ಪ್ಯಾನರ್ ಎತ್ತಿಕೊಡುತ್ತಿದ್ದವಳು ಅವಳೇ. ಖಾಲಿ ಹೊಲದಲ್ಲಿ ಅವನು ಅವಳಿಗೆ ಗಾಡಿ ಓಡಿಸುವುದನ್ನೂ ಕಲಿಸಿದ್ದ. ಅವಳು ಬಿಚ್ಚಿಕೊಟ್ಟ ಭಾಗಗಳನ್ನು ನಾನು ಸೀಮೆಎಣ್ಣೆಯಲ್ಲಿ ತೊಳೆದೆ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿದೆ. ಬ್ರೇಕಿನ ಕೆಲಸವನ್ನು ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಬಂದು ಮಾಡಿಕೊಟ್ಟ. ಉಜ್ಜಿದಲ್ಲೆಲ್ಲ ತುಕ್ಕು ಹೋಗಿ ಕಬ್ಬಿಣ ಹೊಸದರಂತೆ ಹೊಳೆಯುತ್ತಿತ್ತು.

ಒಂದು ದಿನ ಅತ್ತೆ ಗಾಡಿಯ ಅಡಿಗೆ ನುಸುಳಿದ್ದಾಗ ಅದೇ ಕಾಗದದಿಂದ ನನ್ನ ಮುಂಗೈಯ ಮಚ್ಚೆ ಉಜ್ಜಿಕೊಳ್ಳತೊಡಗಿದೆ. ಉರಿದರೂ ಬಿಡಲಿಲ್ಲ. ಹೊರಬಂದ ಅತ್ತೆ ರಕ್ತ ನೋಡಿ ಕಾಗದ ಕಿತ್ತು ಎಸೆದಳು.

"ತುಕ್ಕಲ್ಲ ಕಣಮ್ಮಿ ಅದು. ನಿನ್ ಚರ್ಮ!"

ಎರಡು ಕೈಯಲ್ಲೂ ಗ್ರೀಸು ಮೆತ್ತಿದ್ದರಿಂದ ತೋಳಿನಿಂದಲೇ ನನ್ನನ್ನು ಬಳಸಿ ಹಿಡಿದು ಅತ್ತಳು. ನನಗಾಗಿ ಯಾರಾದರೂ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಚಾಮರಾಜನಗರದಿಂದ ಒಂದು ಗಂಡಿನ ಕಡೆಯವರು ಬಂದ ದಿನವೇ ಚಾರ್ಜ್ ಮಾಡಿಸಿದ ಬ್ಯಾಟರಿ ಕೂರಿಸಿದ್ದೆವು. ಅತ್ತೆ ತಡೆಯಲಾರದೆ ಕೀ ತಿರುಗಿಸಿದಳು. ಕೆಮ್ಮಿ ಕೆಮ್ಮಿ ಇಂಜಿನ್ ಹತ್ತಿಕೊಂಡಿತು. ನಾನು ಕುಣಿದೆ. ಅಷ್ಟರಲ್ಲಿ ಶೆಡ್ಡಿನ ತುಂಬ ಹೊಗೆ; ಬಾಗಿಲಿಗೆ ಚಿಲಕ.

"ಆಫ್ ಮಾಡ್ಬುಡ್ಲೇನಮ್ಮಿ?" ಅತ್ತೆ ಕೇಳಿದಳು. ಆಫ್ ಮಾಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಬ್ಬರೂ ಮತ್ತೆ ಸದ್ದಿಲ್ಲದೆ ಕೂರಬಹುದಿತ್ತು.

ನಾನು ಕೈ ಚಾಚಿ ಹಾರನ್ ಒತ್ತಿದೆ. ಒತ್ತಿದ ಕೈ ತೆಗೆಯಲಿಲ್ಲ.

ಬಾಗಿಲು ತೆರೆದವಳು ರೇಷ್ಮೆ ಸೀರೆಯುಟ್ಟ ಸುಮಕ್ಕ. ಅವಳ ಹಿಂದೆ ಅವ್ವ, ಅಪ್ಪ, ಕೇಸರಿಬಾತಿನ ತಟ್ಟೆ ಹಿಡಿದೇ ಓಡಿಬಂದ ನೆಂಟರು. ಗಂಡಿನ ತಾಯಿ ನನ್ನ ಮುಖವನ್ನೇ ನೋಡಿದರು. ಮುಖ ಮುಚ್ಚಲು ನಾನು ಅತ್ತೆಯ ಸೆರಗನ್ನೂ ಎಳೆಯದೆ, ಕೈಯನ್ನೂ ಅಡ್ಡ ಹಿಡಿಯದೆ ನಿಂತೆ.

"ಯಾರು ಈ ಹೆಣ್ಮಗ?"

ಅವ್ವ ನನ್ನನ್ನು ಮರೆಮಾಡಲು ಅಡ್ಡ ಬಂದಳು. ಸುಮಕ್ಕನೇ ಹೇಳಿದಳು: "ನನ್ ತಂಗಿ ಕಣಮ್ಮ."

ಆ ಸಂಬಂಧ ಮುರಿಯಿತು. ಅವ್ವ ಎಷ್ಟೋ ದಿನ ಅತ್ತೆಯನ್ನು ಮಾತಾಡಿಸಲಿಲ್ಲ. ಸುಮಕ್ಕ ನನ್ನನ್ನು ಬೈಯದಿದ್ದರೂ ಬೆನ್ನು ಮಾಡಿ ಮಲಗಿ ಅತ್ತಳು. ಮುಂದಿನ ವರ್ಷ ಉಮ್ಮತ್ತೂರಿನವರು ಬಂದಾಗ ಕಾಫಿ ಕೊಟ್ಟವಳು ನಾನೇ. ಅವರು ಒಪ್ಪಿದರು. ಅತ್ತೆ ಒಂದು ಭಾನುವಾರ ನನ್ನನ್ನು ಮುಂದೆ ಕೂರಿಸಿಕೊಂಡು ಬಂಡೀಪುರದ ದಾರಿಯಲ್ಲಿ ಗಾಡಿ ಬಿಟ್ಟಳು. ಕಿಟಕಿಯಾಚೆ ಮುಖವಿಟ್ಟು ಗಾಳಿ ಕುಡಿದೆ.

ಆಮೇಲೆ ಗಾಡಿ ಮಾರಿಹೋಯಿತು, ಶೆಡ್ಡಿನ ಜಾಗದಲ್ಲಿ ಬಾಡಿಗೆ ಮನೆ ಎದ್ದಿತು, ಅತ್ತೆಯೂ ತೀರಿಹೋದಳು. ಮಚ್ಚೆಗಳು ಒಂದಕ್ಕೊಂದು ಸೇರಿ ಈಗ ನಾನು ಪೂರಾ ಬಿಳಿ. ಹುಟ್ಟಿದ ಬಣ್ಣ ಹೇಗಿತ್ತೆಂಬುದು ನನಗೇ ಮರೆತಿದೆ. ಈಗ ನನ್ನನ್ನು ಒಳಗೆ ಕೂಡಿಹಾಕುವವರು ಯಾರೂ ಇಲ್ಲ. ಒಳಗೆ ಕೂತರೆ ಪಕ್ಕದಲ್ಲಿ ಬಂದು ಕೂರುವವರೂ ಇಲ್ಲ.