ಹೊಲಿಗೆ ಬೀಳದ ನೋವು

ಬೀದರದ ನೌಬಾದಿನಲ್ಲಿ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುತ್ತಿದ್ದ ಜ್ಞಾನೇಶ್ವರ ಒಂದು ದಿನ ಮೆಟ್ಟಿಲ ಮೇಲೆ ಜಾರಿ ಬಿದ್ದ. ತುಂಬಿದ ಸಿಲಿಂಡರ್ ಅವನ ಸೊಂಟಕ್ಕೇ ಬಡಿಯಿತು. ಸಿಲಿಂಡರಿಗೆ ಏನೂ ಆಗಲಿಲ್ಲ. ಅದೇ ದಿನ ಬೇರೊಬ್ಬ ಅದನ್ನು ಮೇಲಿನ ಮನೆಗೆ ಮುಟ್ಟಿಸಿಯೂ ಬಂದ. ಇವನು ಮನೆ ಹಿಡಿದ.

ದವಾಖಾನೆಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ, “ಆಪರೇಷನ್ ಬ್ಯಾಡ. ನರ ಒತ್ತ್ಯಾದ, ನಿಧಾನಕ್ಕ ಸಡ್ಲ ಆಗ್ತದ. ಹೇಳಿದ ವ್ಯಾಯಾಮ ಮಾಡ್ರಿ, ದಿನಾ ನಡೀರಿ. ಮಲಗೇ ಇದ್ರ ಕೆಡ್ತದ. ಭಾರ ಮಾತ್ರ ಎತ್ತಬ್ಯಾಡ್ರಿ,” ಅಂದರು. ಒಳ್ಳೆಯ ಮಾತೇ. ಆದರೆ ಆಪರೇಷನ್ ಇಲ್ಲದ ಮೇಲೆ ಅದೆಂಥ ಬೇನೆ, ನೀವೇ ಹೇಳಿ! ನಮ್ಮ ಮಂದಿಗೆ ಕೊಯ್ದು ಹೊಲಿದದ್ದು ಕಣ್ಣಿಗೆ ಕಾಣಬೇಕು, ಇಲ್ಲವೇ ಕಾಲಿಗೆ ಪ್ಲಾಸ್ಟರ್ ಇರಬೇಕು. ಆಗ ಬಾಳೆಹಣ್ಣು, ಬಿಸ್ಕೀಟು ಹಿಡಿದು ಮಾತಾಡಿಸಲು ಬರುತ್ತಾರೆ. ಇವನನ್ನು ನೋಡಲೂ ಬಂದರು. ಚಾಪೆಯ ಮೇಲೆ ಬೋರಲು ಮಲಗಿ ಎದೆ ಎತ್ತುವುದನ್ನು ಕಂಡರು, ಸಂಜೆ ಓಣಿಯಲ್ಲಿ ಅಡ್ಡಾಡುವುದನ್ನು ಕಂಡರು. ಬಾಳೆಹಣ್ಣು ನಿಂತವು.

ಪಕ್ಕದ ಮನೆಯ ಇಮಾಮಬೀ ಬಾಗಿಲಲ್ಲೇ ನಿಂತು, “ಕ್ಯಾ ಬೇಟಾ, ಪೈಲ್ವಾನ್ ಆಗ್ಲಿಕ್ಕತ್ತಿಯೇನ್?” ಎಂದು ನಕ್ಕಳು. ಕೆಟ್ಟ ಮನಸ್ಸಿನವಳೇನಲ್ಲ. ಆದರೂ ಅವತ್ತಿನಿಂದ ಅವನು ಬಾಗಿಲು ಹಾಕಿಕೊಂಡೇ ವ್ಯಾಯಾಮ ಮಾಡತೊಡಗಿದ.

ಊರ ಬಾಯನ್ನು ಅವನು ಹೇಗೋ ಸಹಿಸಿಕೊಂಡಿದ್ದ. ಹೆಂಡತಿ ಕಾಜಲ ಒಬ್ಬಳು ನಂಬಿದರೆ ಸಾಕಿತ್ತು. ಅವಳೋ, ಖಾನಾವಳಿಯಲ್ಲಿ ಬೆಳಗಿನಿಂದ ರೊಟ್ಟಿ ಬಡಿದು ರಟ್ಟೆ ಬಿದ್ದುಹೋಗಿ ಬರುವವಳು. “ಮೊಣಕಾಲಿನ ಕೆಳಗ ಈ ಕಾಲು ನಂದಲ್ಲ ಅನಸ್ತದ ನೋಡು,” ಎಂದು ಇವನು ಹೇಳಿದರೆ, “ಮತ್ತ ಯಾರದ್ರೀ? ಅವರನ್ನೇ ಕರೀರಿ, ಸಿಲಿಂಡರ್ ಹೊರಲಿ,” ಅನ್ನುವಳು. ಮೊದಮೊದಲು ಆ ಮಾತಿಗೆ ಅವನಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಕೊಟ್ಟರೆ ಉಂಡ, ಬೈದರೆ ಕೇಳಿಸಿಕೊಂಡ.

ಅಷ್ಟರಲ್ಲಿ ಭಾಲ್ಕಿಯಿಂದ ಅತ್ತೆ ಕಾಂತಾಬಾಯಿ ಬಂದಳು. ಅವಳೆಲ್ಲಿ ಸುಮ್ಮನಿರುತ್ತಾಳೆ! “ಕೂತು ಉಂಡ್ರ ಕುಡಿಕಿ ಹೊನ್ನೂ ಸಾಲಂಗಿಲ್ಲ, ಅಳಿಯಂದ್ರೇ. ಔರಾದ ಕಡಿ ಮಡೆಪ್ಪ ಅಂತ ಒಬ್ಬಾಂವ ಕಬ್ಬಿಣ ಕಾಸಿ ಬರಿ ಹಾಕ್ತಾನ. ಹೋಗಿ ಹಾಕಿಸ್ಕೋರಿ. ಖರೇ ಬ್ಯಾನಿ ಇದ್ದಾಂವ ಬರಿಗೆ ಅಂಜಂಗಿಲ್ಲ,” ಅಂದಳು.

ಕಾಜಲ ಬೇಡ ಅನ್ನಲಿ ಎಂದು ಅವನು ಕಾದ. ಅವಳು ಅನ್ನಲಿಲ್ಲ, ಅವನ ಮುಖವನ್ನೇ ನೋಡುತ್ತ ನಿಂತಳು. ಆ ಕಾಲಿಗೆ ಬಿಸಿ ಶಾಖವನ್ನೂ ಕೊಡಬಾರದು ಎಂದು ಡಾಕ್ಟರಮ್ಮ ಹೇಳಿದ್ದು ಅವನಿಗೆ ನೆನಪಿತ್ತು. ಆದರೂ, “ಆಯ್ತು, ಹೋಗೋಣ ನಡಿ,” ಅಂದ.

ಔರಾದ ಬಸ್ಸಿನಲ್ಲಿ ಸೀಟು ಖಾಲಿ ಇದ್ದವು. ಕೂತರೆ ಸೊಂಟ ಕಿತ್ತು ಬರುತ್ತಿದ್ದುದರಿಂದ ಅವನು ಕಂಬಿ ಹಿಡಿದು ನಿಂತೇ ಬಂದ. ಇದೂ ಒಂದು ನಾಟಕ ಎಂದುಕೊಂಡು ಕಾಜಲ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮುದುಕ ಮಡೆಪ್ಪ ಅಂಗಳದಲ್ಲಿ ಕುಡುಗೋಲಿನ ತುದಿಯನ್ನು ಕೆಂಡದಲ್ಲಿ ಕಾಸುತ್ತಿದ್ದ. “ಗಟ್ಟಿ ಹಿಡಿಯವ್ವ, ಎಂಥೆಂಥ ಗಂಡಸ್ರು ಒದ್ದು ಓಡಿ ಹೋಗ್ಯಾರ,” ಅಂದ. ಜ್ಞಾನೇಶ್ವರ ಬಾಯಲ್ಲಿ ಟವೆಲ್ಲು ಕಚ್ಚಿ ಬೋರಲು ಮಲಗಿದ. ಎರಡೂ ಕೈ ಕಾಜಲಳ ಕೈಯಲ್ಲಿದ್ದವು. ಅಂಜುತ್ತಲೇ ಕಣ್ಣು ಮುಚ್ಚಿ ಕಾದ, ಕಾದೇ ಕಾದ. ಕೊನೆಗೆ ಟವೆಲ್ಲು ಬಿಟ್ಟು, “ಯಾವಾಗ ಹಾಕ್ತೀರಿ ಕಾಕಾ? ಲಗೂ ಹಾಕಿ ಮುಗಸ್ರಿ,” ಅಂದ.

ಸುಟ್ಟ ಚರ್ಮದ ವಾಸನೆ ಅವನ ಮೂಗಿಗೂ ಬಡಿಯಿತು. ಅವನ ಮೀನಖಂಡದ ಮೇಲೆ ಬರೆ ಆಗಲೇ ಎದ್ದಿತ್ತು.

ಮಡೆಪ್ಪ ಕುಡುಗೋಲನ್ನು ನೀರಿನ ಬಕೆಟ್ಟಿಗೆ ಎಸೆದ. “ಶಿವಶಿವಾ! ಸುಟ್ಟದ್ದೇ ತಿಳೀದ ಮೈಗೆ ನಾ ಏನ್ ಮಾಡ್ಲಿ? ದವಾಖಾನಿಗೆ ಕರ್ಕೊಂಡ್ ನಡಿಯವ್ವ.”

ಕಾಜಲ ಗಂಡನ ಕೈ ಬಿಟ್ಟು ಪಾದ ಹಿಡಿದಳು. ಹೆಬ್ಬೆರಳು ಚಿವುಟಿ, “ಇಲ್ಲಿ?” ಅಂದಳು.

“ಏನಿಲ್ಲ.”

ಹಿಮ್ಮಡಿಯ ಹತ್ತಿರ ಉಗುರು ಊರಿದಳು. “ಇಲ್ಲಿ?”

“ಚಿವುಟಿದೇನು?”

ಹಾಗೇ ಮೇಲೆ ಮೇಲೆ ಬಂದು ಮೊಣಕಾಲು ಮುಟ್ಟಿದಾಗ ಅವನು, “ಹಾಂ, ಇಲ್ಲಿ,” ಅಂದ. ಕಾಜಲ ಆ ಮುದುಕನ ಎದುರಿಗೇ ಹೋ ಎಂದು ಅತ್ತಳು. “ಹೇಳಿದ್ರಿ… ನನ್ನ ಮುಂದ ಹೇಳಿದ್ರಿ. ನಾನೇ ನಗ್ಯಾಡಿದೆ.”

ಅಂತೂ ನಂಬಿದಳು. ಇಷ್ಟು ತಿಂಗಳು ಅವನು ಬೇಡಿದ್ದು ಅದೊಂದನ್ನೇ. ಅವಳ ತಲೆ ಸವರಬೇಕು, ಏನಾದರೂ ಸಮಾಧಾನ ಹೇಳಬೇಕು ಎಂದುಕೊಂಡ. ಒಳಗೆ ಹುಡುಕಿದ, ಸಿಟ್ಟೂ ಇರಲಿಲ್ಲ, ಖುಷಿಯೂ ಇರಲಿಲ್ಲ.

“ಬಸ್ ಹೋಗ್ತದ, ನಡಿ,” ಅಂದ.