ಮುನಿಲಕ್ಷ್ಮಿಯ ನವಿಲುಗಳು ಮತ್ತು ಬಾರದ ನೆಟ್ಟು

ಮಂಚೇನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆರಿ ವರ್ಕ್ ಮುನಿಲಕ್ಷ್ಮಿಯ ಮನೆ ಎಲ್ಲಿ ಅಂತ ಕೇಳಿದರೆ ಸಾಕು, ಹಣ್ಣಿನ ಗಾಡಿಯವನೇ ಕೈ ತೋರಿಸುತ್ತಾನೆ. ಮದುವೆ ಹೆಣ್ಣಿನ ರವಿಕೆ ತೋಳಿನ ಮೇಲೆ ಆರಿ ಸೂಜಿಯ ಕಸೂತಿಯಲ್ಲಿ ನವಿಲು ಕೂರಿಸುವುದರಲ್ಲಿ ಆ ಕಡೆಗೆಲ್ಲ ಅವಳ ಕೈಯೇ ಕೈ. ತೆಳು ಕಾಗದದ ಮೇಲೆ ನವಿಲು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹಾಕಿ, ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣ ಉಜ್ಜಿ ಬಟ್ಟೆಗೆ ಇಳಿಸುತ್ತಾಳೆ. ನಾಲ್ಕು ರವಿಕೆ ಆಗುವಷ್ಟರಲ್ಲಿ ಕಾಗದ ಚಿಂದಿ. ಅದಕ್ಕೇ ಬರೆದದ್ದನ್ನೆಲ್ಲ ಫೋಟೊ ಹಿಡಿದು, ತಮ್ಮ ಮುರಳಿಮೋಹನ್ ಕೊಟ್ಟಿದ್ದ ಹಳೇ ಲ್ಯಾಪ್‌ಟಾಪಿಗೆ ಸಾಗಿಸಿಬಿಡುತ್ತಿದ್ದಳು, ಫೋನಿನಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಅವಳ ನವಿಲುಗಳೆಲ್ಲ ಇದ್ದದ್ದು ಆ ಒಂದು ಡಬ್ಬದಲ್ಲೇ.

ಭಾನುವಾರ ಭಾನುವಾರ ಅದೇ ಲ್ಯಾಪ್‌ಟಾಪಿನ ಮುಂದೆ ಕೂತು ತೊಂಡೇಬಾವಿ, ಚಿಂತಾಮಣಿ, ಶಿಡ್ಲಘಟ್ಟದ ಹೆಂಗಸರಿಗೆ ವಿಡಿಯೊದಲ್ಲಿ ಕಸೂತಿ ಪಾಠ ಹೇಳುತ್ತಿದ್ದಳು.

ಆಯುಧಪೂಜೆ ಬಂತು. ಕತ್ತರಿ, ಸೂಜಿ, ಚೌಕಟ್ಟಿನ ಜೊತೆ ಲ್ಯಾಪ್‌ಟಾಪನ್ನೂ ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸಿ, ಮೈತುಂಬ ಗಂಧ ಕುಂಕುಮ ಹಚ್ಚಿ ಹೂವಿಟ್ಟಳು. ಹಬ್ಬ ಕಳೆದು ತೆರೆದರೆ ನೆಟ್ಟೇ ಇಲ್ಲ. ಫೋನಿಗೆ ಬರುತ್ತೆ, ಇದಕ್ಕೆ ಬರಲ್ಲ. ಗೋಡೆಯ ಮೇಲಿನ ವೈ-ಫೈ ಡಬ್ಬವನ್ನು ಆರಿಸಿ ಹಚ್ಚಿದಳು. ಲ್ಯಾಪ್‌ಟಾಪನ್ನೂ ಆರಿಸಿ ಹಚ್ಚಿದಳು. ಊಹೂಂ.

“ಸ್ಕೂಟರ್‌ಗೆ ನಿಂಬೆಹಣ್ಣಿಟ್ಟೆ, ಇದಕ್ಕಿಟ್ಟೆಯೇನಮ್ಮ? ಅದಕ್ಕೂ ರೋಷ ಇರಲ್ವಾ?” ಅಂದರು ಅತ್ತೆ ಲಕ್ಷ್ಮೀನರಸಮ್ಮ.

ನಗಬೇಕೋ ನಂಬಬೇಕೋ ತಿಳಿಯದೆ ತಮ್ಮನಿಗೆ ಫೋನ್ ಮಾಡಿದಳು.

“ಫಾರ್ಮ್ಯಾಟ್ ಹೊಡಿಸಿಬಿಡಕ್ಕಾ, ಹೊಸದರ ಥರ ಆಗುತ್ತೆ.”

“ಹಂಗಂದ್ರೆ ಏನೋ?”

“ಒಳಗಿರೋದನ್ನೆಲ್ಲ ತೊಳೆದುಹಾಕೋದು.”

“ನನ್ನ ನವಿಲುಗಳನ್ನೂನಾ?”

“ನವಿಲು, ಗಿಳಿ, ಬಳ್ಳಿ, ಎಲ್ಲಾನೂ.”

ಮುನಿಲಕ್ಷ್ಮಿ ಫೋನಿಟ್ಟು ಓಡಿಹೋಗಿ ಲ್ಯಾಪ್‌ಟಾಪ್ ತೆರೆದು ನೋಡಿದಳು. ನವಿಲುಗಳು ಇದ್ದಲ್ಲೇ ಇದ್ದವು. ನೆಟ್ಟು ಹೋದಾಗ ಇವು ಹೋಗಲಿಲ್ಲ. ಹಾಗಿದ್ದ ಮೇಲೆ ನೆಟ್ಟು ಬರುವುದಕ್ಕೆ ಇವು ಯಾಕೆ ಹೋಗಬೇಕು? ಒಲೆ ಮುಂದೆ ಕೂತು ಯೋಚಿಸಿದಳು. ಸಾರು ಉಕ್ಕಿತೇ ಹೊರತು ಉತ್ತರ ಹೊಳೆಯಲಿಲ್ಲ.

ಶನಿವಾರ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋಗಿ, ಕಂಪ್ಯೂಟರ್ ರಿಪೇರಿಯ ಮಜರ್‌ನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟಳು.

“ಏನಕ್ಕಾ ಇದು, ಮದುವಣಗಿತ್ತಿ ಥರ ಇದೆ!” ಎಂದು ನಕ್ಕ ಮಜರ್, ಏನೇನೋ ಒತ್ತಿದ, ತೆಗೆದ, ಮತ್ತೆ ಹಾಕಿದ. ಕೊನೆಗೆ ಅವನೂ ಅದೇ ಮಾತಿಗೆ ಬಂದ. “ಫಾರ್ಮ್ಯಾಟೇ ಗತಿ ಅಕ್ಕಾ. ಮೊದಲು ನಿಮ್ಮ ಫೋಟೊ ಎಲ್ಲ ಬೇರೆ ಕಡೆ ತೆಗೆದಿಡ್ತೀನಿ.”

ತೆಗೆದಿಡಲು ಹೋದರೆ ಒಳಗಿನಿಂದ ಟಕ್ ಟಕ್ ಅಂತ ಸದ್ದು. ಫೋಟೊ ಇಳಿಯುವುದು ಅರ್ಧಕ್ಕೆ ಬಂದು ನಿಂತೇಹೋಯಿತು.

“ಡಿಸ್ಕ್‌ಗೆ ವಯಸ್ಸಾಗಿದೆ. ಬಿಚ್ಚಿ ನೋಡ್ತೀನಿ, ಬಂದಷ್ಟು ಬರುತ್ತೆ.”

“ಬರದೇ ಇದ್ದಿದ್ದು?”

ಮಜರ್ ಸ್ಕ್ರೂಡ್ರೈವರ್ ತೆಗೆದುಕೊಂಡ.

“ತಾಳಪ್ಪ, ಪೂಜೆ ಕುಂಕುಮ. ನೀನು ಕೆರೀಬೇಡ, ನಾನೇ ತೆಗೀತೀನಿ,” ಎಂದು ಸೆರಗಿನ ತುದಿಗೆ ಬಾಟಲಿ ನೀರು ಮುಟ್ಟಿಸಿ ಒರೆಸತೊಡಗಿದಳು. ಒರೆಸುತ್ತ ಒರೆಸುತ್ತ ಕಣ್ಣು ಮಂಜಾಯಿತು. ಮುಂದಿನ ಅಂಚಿನಲ್ಲೊಂದು ಬೊಟ್ಟು ಗಂಧದ ಜೊತೆ ಒಣಗಿ ಗಟ್ಟಿಯಾಗಿ ಕೂತಿತ್ತು. ಉಗುರು ಕೊಟ್ಟು ಜೋರಾಗಿ ತಳ್ಳಿದಳು.

ಟಿಕ್.

ಅಂಚಿನಲ್ಲಿ ನೀಲಿ ದೀಪವೊಂದು ಹತ್ತಿತು. ಪರದೆಯ ಮೇಲೆ ಬೀದಿಯ ಅಂಗಡಿಗಳ ವೈ-ಫೈ ಹೆಸರುಗಳು ಸಾಲಾಗಿ ಬಂದು ನಿಂತವು.

ಮಜರ್ ಬಗ್ಗಿ ನೋಡಿ ಹಣೆ ಹಣೆ ಚಚ್ಚಿಕೊಂಡ. “ಯಾ ಅಲ್ಲಾ! ವೈ-ಫೈ ಸ್ವಿಚ್ಚು ಇಲ್ಲಿದೆ! ಹಬ್ಬಕ್ಕೆ ಒರೆಸೋವಾಗ ಆಫ್ ಆಗಿದೆ, ಅದರ ಮೇಲೇ ಬೊಟ್ಟಿಟ್ಟಿದ್ದೀರ. ಈಗಿನ ಲ್ಯಾಪ್‌ಟಾಪಿಗೆ ಈ ಸ್ವಿಚ್ಚೇ ಬರಲ್ಲ, ನನಗೂ ಹೊಳೀಲಿಲ್ಲ.”

“ಅಲ್ಲ ಮಜರ್, ಸ್ವಿಚ್ಚು ಇರೋದು ಹೊರಗಡೆ. ಒಳಗಡೆ ಇರೋ ನವಿಲುಗಳನ್ನ ಯಾಕಪ್ಪ ತೊಳೀಬೇಕು ಅಂತಿದ್ರಿ ನೀವೆಲ್ಲ?”

“ಟೀ ಕುಡೀರಿ ಅಕ್ಕಾ,” ಅಂದ ಮಜರ್. ಆಮೇಲೆ ದನಿ ತಗ್ಗಿಸಿ, “ಡಿಸ್ಕ್ ಮಾತ್ರ ನಂಬಬೇಡಿ. ನೆಟ್ ಬಂತಲ್ಲ, ಯಾರಿಗಾದ್ರೂ ಕಳಿಸಿಟ್ಟುಕೊಳ್ಳಿ,” ಎಂದ.

ಅಷ್ಟು ದಿನ ಒಂದು ನವಿಲನ್ನೂ ಯಾರಿಗೂ ಬಿಟ್ಟುಕೊಟ್ಟವಳಲ್ಲ ಮುನಿಲಕ್ಷ್ಮಿ. ಭಾನುವಾರ ಪಾಠ ಮುಗಿದ ಮೇಲೆ ಒಂದೊಂದಾಗಿ ಕಳಿಸಿದಳು, ಚಿಂತಾಮಣಿಯ ಆಸ್ಮಾಗೆ ಜೋಡಿ ನವಿಲು, ತೊಂಡೇಬಾವಿಯ ತನುಶ್ರೀಗೆ ಗರಿ ಬಿಚ್ಚಿದ್ದು. ಮಗಳನ್ನು ಗಂಡನ ಮನೆಗೆ ಕಳಿಸಿದ ತಾಯಿಯ ಹಾಗೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮನಸ್ಸು ತಡೆಯದೆ ಲ್ಯಾಪ್‌ಟಾಪ್ ತೆರೆದು ನೋಡಿದಳು.

“ಅತ್ತೇ, ಬನ್ನಿ ಇಲ್ಲಿ! ಕಳಿಸಿದ್ದೆಲ್ಲ ಇಲ್ಲೇ ಇದಾವಲ್ಲ!”

ಲಕ್ಷ್ಮೀನರಸಮ್ಮ ಬಗ್ಗಿ ನೋಡಿದರು. “ಹಂಗಾದ್ರೆ ಅಲ್ಲಿಗೆ ಹೋಗಿಲ್ವೇನೋ ಕಣಮ್ಮ.”

ಅಷ್ಟರಲ್ಲಿ ಆಸ್ಮಾಳ ಫೋನು ಬಂತು. “ಬಂತಕ್ಕಾ! ಎಷ್ಟು ಚೆನ್ನಾಗಿದಾವೆ!”

ಅಲ್ಲೂ ಇದಾವೆ, ಇಲ್ಲೂ ಇದಾವೆ ಅಂತ ಅತ್ತೆ ಸೊಸೆ ಪರದೆಯನ್ನೂ ಫೋನನ್ನೂ ನೋಡುತ್ತ ಕೂತರು.