ಕಂಪ್ಯೂಟರಿಗೆ ಹೊದಿಸಿದ ಸೀರೆ

ಗೆಳೆಯರೇ, ಹೊಸ ಕಂಪ್ಯೂಟರಿಗೆ ದುಡ್ಡಿಲ್ಲ. ಹಳೆಯದಕ್ಕೇ ರ‍್ಯಾಮ್ ಹೆಚ್ಚಿಸೋಣವೆಂದು ಇವತ್ತು ರಬಕವಿಯಿಂದ ಜಮಖಂಡಿಗೆ ಒಯ್ದೆ. ಸೀರೆಯ ಡಿಸೈನ್ ತೆರೆದರೆ ಸಾಕು, ಅದು ಬಿಸಿಯಾಗಿ ನಿಂತುಬಿಡುತ್ತಿತ್ತು.

ರಿಪೇರಿಯವರು ಬಿಚ್ಚಿ ನೋಡಿ, "ಇದಕ್ಕ ಏನರ ಹೊದಿಸ್ತೀರೇನ್ರೀ?" ಎಂದರು.

"ಮಗ್ಗದ ಮನಿರೀ. ಧೂಳ ಒಳಗ ಹೋಗಬಾರದಂತ ಅವ್ವ ಸೀರಿ ಹೊದಿಸಿರ್ತಾಳ್ರಿ."

"ಚಾಲೂ ಇದ್ದಾಗೂ?"

"ಹೂಂರಿ."

"ರ‍್ಯಾಮ್ ಹಾಕೇನಿ. ಮೊದಲ ಆ ಸೀರಿ ತಗೀರಿ. ಉಸಿರು ಕಟ್ಟೈತಿ ಅದಕ್ಕ!"

ಮನೆಗೆ ತಂದು ಹಚ್ಚಿದರೆ ಡಿಸೈನ್ ಥಟ್ಟನೆ ತೆರೆಯಿತು. ಅವ್ವನಿಗೆ ಎಲ್ಲ ತಿಳಿಸಿ ಹೇಳಿದೆ. ಚಹಾ ಕುಡಿದು ಬರುವಷ್ಟರಲ್ಲಿ ಅದರ ಮೇಲೆ ಮತ್ತೆ ಸೀರೆ, ಅದೂ ಮಗ್ಗದಿಂದ ಈಗಷ್ಟೇ ಇಳಿಸಿದ ಹೊಸದು!

"ಹಳೇದು ದಪ್ಪ ಇತ್ತೋ ಯಪ್ಪಾ. ಇದು ತೆಳ್ಳಗೈತಿ, ಗಾಳಿ ಆಡ್ತೈತಿ" ಎಂದಳು ಅವ್ವ.

ಹೆಂಡತಿ ಮಾತ್ರ ಆ ಸೀರೆಯ ದಡಿಯನ್ನು, ಹಬ್ಬಕ್ಕೆ ನಾನು ತನಗೆ ಕೊಡಿಸಿದ ಸೀರೆಯ ಪಕ್ಕ ಹಿಡಿದು, ಯಾವುದು ಅಗಲವೆಂದು ಗೇಣು ಹಾಕಿ ಅಳೆಯುತ್ತಿದ್ದಾಳೆ.